ಎರಡು ವರ್ಷದ ಲೆಕ್ಕಕ್ಕೆ ಸಿಗದ ಸಂಶೋಧನೆ

ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ನಮ್ಮ ಕೆಲಸದವರು ನೋಡಿದ ಕೂಡಲೇ ಗುರುತಿಸುತ್ತಾರೆ. ಎಲೆ ಹಳದಿಯಾಗಿ ಸೊರಗಿರುತ್ತದೆ, ಕಾಂಡದ ಮೇಲೆ ಉಬ್ಬಿದ ಗೆರೆ ಎದ್ದಿರುತ್ತದೆ. ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ ಅಂಥ ಗಿಡ ಕಿತ್ತು ಸುಡಬೇಕು. ಬಿಸಿಲು ಬೀಳುವ ಕಾಂಡವನ್ನೇ ದುಂಬಿ ಮೊಟ್ಟೆಯಿಡಲು ಹುಡುಕುವುದರಿಂದ ಮರಗಸಿ ಮಾಡುವಾಗ, ಅಂದರೆ ನೆರಳು ಮರಗಳ ಕೊಂಬೆ ಸವರುವಾಗ, ನೆರಳು ಬೋಳಾಗಬಾರದು. ಕೊಡಗಿನ ಮಾದಾಪುರದ ಸುತ್ತಿನ ನಮ್ಮಂಥ ಸಣ್ಣ ಬೆಳೆಗಾರರಿಗೆ ಇದೆಲ್ಲ ಬಾಯಿಪಾಠ. ಇದರ ಹಿಂದೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲೂ ನಮ್ಮ ಚೆಟ್ಟಳ್ಳಿಯ ಉಪಕೇಂದ್ರದಲ್ಲೂ ಒಂದು ಕೀಟದ ಬದುಕನ್ನು ತಾಳ್ಮೆಯಿಂದ ಬೆನ್ನುಹತ್ತಿದವರ ದುಡಿಮೆಯಿದೆ. ಅಂಥ ದುಡಿಮೆಯ ಫಲ ತೋಟದಲ್ಲಿ ಕಾಣುತ್ತದೆ, ವಿಶ್ವವಿದ್ಯಾಲಯಗಳ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ನನ್ನ ಮಗಳು ಕೀಟಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವಳು. ಒಂದು ಸಂದರ್ಶನದಲ್ಲಿ ಅವಳು ಏನು ಕಂಡುಕೊಂಡಳು ಎಂದು ಯಾರೂ ಕೇಳಲಿಲ್ಲವಂತೆ. ಲೇಖನ ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಎಂಬುದಷ್ಟೇ ಪ್ರಶ್ನೆ.

ಪತ್ರಿಕೆಯೊಂದು ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಲಾಯಿತು ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅದನ್ನು ರೂಪಿಸಿದ್ದು ಉಲ್ಲೇಖ ಸೂಚಿಗೆ ಪತ್ರಿಕೆಗಳನ್ನು ಆರಿಸಿಕೊಳ್ಳಲು. ಕೆಲವೇ ಲೇಖನಗಳು ಬಹುಪಾಲು ಉಲ್ಲೇಖ ಬಾಚಿಕೊಳ್ಳುವುದರಿಂದ ಆ ಸರಾಸರಿ ನೋಡಿ ಒಂದು ಲೇಖನದ ತೂಕ ಹೇಳಲಾಗದು. ಅದನ್ನೇ ಹಿಡಿದು ಮನುಷ್ಯರಿಗೆ ಕೆಲಸ ಕೊಡುವುದು, ತಪ್ಪಿಸುವುದು ಅನ್ಯಾಯ.

ಅದರಲ್ಲೂ ಎರಡು ವರ್ಷ! ಅರೇಬಿಕಾ ಗಿಡ ನೆಟ್ಟರೆ ಮೊದಲ ಫಸಲಿಗೇ ಮೂರು ನಾಲ್ಕು ವರ್ಷ ಬೇಕು. ಎಲೆ ತುಕ್ಕು ರೋಗ ತಾಳಿಕೊಳ್ಳುವ ತಳಿಯೆಂದು 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದ ಬಂದ ಎಸ್.795 ಇವತ್ತಿಗೂ ನಮ್ಮ ತೋಟಗಳಲ್ಲಿದೆ. ಎಷ್ಟೋ ಮನೆಗಳ ಮಕ್ಕಳು ಅದರ ಫಸಲಿನಿಂದ ಓದಿದರು. ಈ ಪ್ರಭಾವ ಯಾವ ಅಡಿಟಿಪ್ಪಣಿಯಲ್ಲಿ ಸಿಕ್ಕೀತು?

ಅಂಕಗಳ ಬೆನ್ನುಹತ್ತಿದ್ದರಿಂದ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹೆಚ್ಚಿದವು. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾನ್ಯ ಪತ್ರಿಕೆಗಳ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯ ಬದಲಿಗೆ ತಂದಿದ್ದ ‘ಕೇರ್’ ಪಟ್ಟಿಯನ್ನೇ ಕೈಬಿಟ್ಟು, ಪತ್ರಿಕೆಗಳ ಗುಣ ನೋಡುವ ಹೊಣೆಯನ್ನು ಸಂಸ್ಥೆಗಳಿಗೆ ಬಿಟ್ಟಿತು. ಹಾಗಾಗಿ ಇನ್ನು ವಿಶ್ವವಿದ್ಯಾಲಯಗಳು ದೆಹಲಿಯತ್ತ ಕೈತೋರಿಸುವಂತಿಲ್ಲ. ಆಯಾ ನೆಲಕ್ಕೆ ಬೇಕಾದ ಸಂಶೋಧನೆಯನ್ನು ಕಾಪಾಡಿಕೊಳ್ಳಬೇಕೆಂದು ಸಂಶೋಧನೆಯನ್ನು ಅಳೆಯುವ ಬಗೆ ಕುರಿತ 2015ರ ಲೈಡನ್ ಪ್ರಣಾಳಿಕೆಯೂ ಹೇಳಿದೆ. ಬಡ್ತಿ ಸಮಿತಿಯವರು ಮೊದಲು ಲೇಖನವನ್ನು ಓದಲಿ. ಚೆಟ್ಟಳ್ಳಿಯಲ್ಲೋ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಕಂಡುಕೊಂಡದ್ದು ಹತ್ತು ವರ್ಷದ ಮೇಲೆ ಏನಾಯಿತೆಂದು ತೋಟಕ್ಕೆ ಬಂದು ಬೆಳೆಗಾರರನ್ನು ಕೇಳಲಿ. ಕನ್ನಡದಲ್ಲಿ ಬರೆದದ್ದಕ್ಕೂ ಅಂಕ ಕೊಡಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ ಇಲ್ಲಿನ ಮಣ್ಣು, ಮಳೆ, ಇಳಿಜಾರಿನ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಲೇಖನಗಳು ಬಂದವು. ಅವನ್ನು ಉಲ್ಲೇಖಿಸುವವರು ಎಲ್ಲೋ ಇದ್ದಾರೆ. ಆ ಇಳಿಜಾರಿನ ಕೆಳಗೆ ರಾತ್ರಿ ಮಲಗುವವರು ನಾವು. ಎಲ್ಲಿ ಗುಡ್ಡ ಕಡಿಯಬಾರದು, ಯಾವ ಲಕ್ಷಣ ಕಂಡರೆ ಮನೆ ಬಿಟ್ಟು ಹೊರಡಬೇಕು ಎಂಬುದು ಎರಡು ಪುಟದಲ್ಲಿ, ಕನ್ನಡದಲ್ಲಿ, ಜೂನ್ ಮಳೆಗೆ ಮೊದಲು ನಮ್ಮ ಪಂಚಾಯಿತಿಗೆ ಬರಲಿ. ಬರೆದುಕೊಟ್ಟ ವಿಜ್ಞಾನಿಯ ಬಡ್ತಿಯ ಕಡತದಲ್ಲಿ ಆ ಎರಡು ಪುಟವೂ ಲೆಕ್ಕಕ್ಕೆ ಬರಲಿ.