ಡಾಕ್ಟರ್ ಜಿವಾಗೊ ಯಾವ ಬಣದ ಆಸ್ತಿಯೂ ಅಲ್ಲ

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 2014ರಲ್ಲಿ ತನ್ನ ಹಳೆಯ ಕಡತಗಳ ಒಂದು ಕಂತೆಯನ್ನು ಬಹಿರಂಗಪಡಿಸಿತು. ಬೋರಿಸ್ ಪಾಸ್ತರ್ನಾಕ್ ಅವರ ‘ಡಾಕ್ಟರ್ ಜಿವಾಗೊ’ ಕಾದಂಬರಿಯನ್ನು 1958ರಲ್ಲಿ ರಷ್ಯನ್ ಭಾಷೆಯಲ್ಲಿ ಗುಟ್ಟಾಗಿ ಅಚ್ಚು ಹಾಕಿಸಿದ್ದು ಅದೇ ಸಂಸ್ಥೆ ಎಂಬುದು ಅವುಗಳಿಂದ ಖಚಿತವಾಯಿತು. ನೆದರ್ಲೆಂಡ್ಸ್‌ನಲ್ಲಿ ಮುದ್ರಣವಾದ ಆ ನೀಲಿ ಬಟ್ಟೆಯ ರಟ್ಟಿನ ಪ್ರತಿಗಳು ಬ್ರಸೆಲ್ಸ್ ವಿಶ್ವಮೇಳಕ್ಕೆ ಬಂದು, ವ್ಯಾಟಿಕನ್ ಮಂಟಪದಲ್ಲಿ ಸೋವಿಯತ್ ಪ್ರವಾಸಿಗರ ಕೈ ಸೇರಿದ್ದವು. ಕಡತ ಹೊರಬಿದ್ದದ್ದೇ ತಡ, ಹಳೆಯ ತಕರಾರಿಗೆ ಹೊಸ ಬಲ ಬಂತು. ಕಾದಂಬರಿ ಶೀತಲ ಸಮರದ ಆಯುಧ, ಅದರ ನೊಬೆಲ್ ಒಂದು ಸಂಚು, ಪಾಸ್ತರ್ನಾಕರ ಹೆಸರು ಬಂಡವಾಳಶಾಹಿ ಪ್ರಚಾರ ಕಟ್ಟಿಕೊಟ್ಟದ್ದು ಎಂಬ ವಾದ ಎಡಪಂಥೀಯ ವಲಯದಲ್ಲಿ ಇಂದಿಗೂ ಓಡಾಡುತ್ತಿದೆ. ಇತ್ತ ಬಲಪಂಥೀಯರೂ ಸುಮ್ಮನಿಲ್ಲ. ಅವರಿಗೆ ಈ ಕಾದಂಬರಿ ಕಮ್ಯುನಿಸಂ ವಿರುದ್ಧ ತಮ್ಮ ಕಡೆಯ ಸಾಕ್ಷಿ.

ಎರಡೂ ತಪ್ಪು. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು.

ಪಾಸ್ತರ್ನಾಕ್ ಕಾದಂಬರಿಯನ್ನು ಬರೆದು ಮುಗಿಸಿದ್ದು 1955ರಲ್ಲಿ. ಅದನ್ನು ಅವರು ಮೊದಲು ಕೊಟ್ಟದ್ದು ವಿದೇಶಿ ಗೂಢಚಾರರಿಗಲ್ಲ, ಮಾಸ್ಕೋದ ‘ನೋವಿ ಮೀರ್’ ಪತ್ರಿಕೆಗೆ. ಕ್ರಾಂತಿಯನ್ನು ಒಪ್ಪದ ಮನೋಭಾವ ಈ ಕೃತಿಯ ಜೀವಾಳವೆಂದು ಸಂಪಾದಕರು 1956ರಲ್ಲಿ ಉದ್ದನೆಯ ಪತ್ರ ಬರೆದು ತಿರಸ್ಕರಿಸಿದರು. ಅದೇ ವರ್ಷ ಹಸ್ತಪ್ರತಿಯ ಒಂದು ನಕಲು ಇಟಲಿಯ ಮಿಲಾನ್ ತಲುಪಿತ್ತು. ಅಲ್ಲಿನ ಪ್ರಕಾಶಕ ಜಾನ್‌ಜಾಕೊಮೊ ಫೆಲ್ಟ್ರಿನೆಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷದ ಸದಸ್ಯ. ಪ್ರಕಟಣೆ ನಿಲ್ಲಿಸುವಂತೆ ಮಾಸ್ಕೋದಿಂದಲೂ ಸ್ವಂತ ಪಕ್ಷದಿಂದಲೂ ಒತ್ತಡ ಬಂದರೂ ಆತ ಜಗ್ಗಲಿಲ್ಲ. 1957ರ ನವೆಂಬರ್‌ನಲ್ಲಿ ಇಟಾಲಿಯನ್ ಅನುವಾದ ಹೊರಬಂತು. ಹಸ್ತಪ್ರತಿಯ ಛಾಯಾಪ್ರತಿ ಬ್ರಿಟಿಷ್ ಬೇಹುಗಾರರ ಮೂಲಕ ಸಿಐಎಗೆ ಸಿಕ್ಕಿದ್ದು ಅದಾದ ಮೇಲೆ, 1958ರಲ್ಲಿ. ಲೋಕಕ್ಕೆ ‘ಡಾಕ್ಟರ್ ಜಿವಾಗೊ’ ಕೊಟ್ಟವನು ಒಬ್ಬ ಕಮ್ಯುನಿಸ್ಟ್. ಸಿಐಎ ನಂತರ ಬಂದು ಅದರ ಲಾಭ ಪಡೆಯಿತು, ಅಷ್ಟೆ.

ಆ ಲಾಭ ಪಡೆಯಲು ಅವಕಾಶ ಮಾಡಿಕೊಟ್ಟವರು ಯಾರು? ಕ್ರೆಮ್ಲಿನ್. ಕಾದಂಬರಿ ಮಾಸ್ಕೋದಲ್ಲೇ ಪ್ರಕಟವಾಗಿದ್ದರೆ ಅದನ್ನು ಬ್ರಸೆಲ್ಸ್‌ನಲ್ಲಿ ಕದ್ದುಮುಚ್ಚಿ ಹಂಚಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. 1958ರ ಅಕ್ಟೋಬರ್ 23ರಂದು ನೊಬೆಲ್ ಘೋಷಣೆಯಾಯಿತು. ನಾಲ್ಕೇ ದಿನಗಳಲ್ಲಿ ಲೇಖಕರ ಸಂಘ ಪಾಸ್ತರ್ನಾಕರನ್ನು ಉಚ್ಚಾಟಿಸಿತು. 29ರಂದು ಅವರು ಪ್ರಶಸ್ತಿ ನಿರಾಕರಿಸಬೇಕಾಯಿತು. ಸಭೆಗಳಲ್ಲಿ ಎದ್ದು ನಿಂತು ಬೈದವರಲ್ಲಿ ಬಹಳ ಮಂದಿ ಪುಸ್ತಕ ಓದಿರಲಿಲ್ಲ. ಅದು ಅವರ ದೇಶದಲ್ಲಿ ಅಚ್ಚೇ ಆಗಿರಲಿಲ್ಲವಲ್ಲ! 1960ರಲ್ಲಿ ಪಾಸ್ತರ್ನಾಕ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಅವರ ಸಂಗಾತಿ ಓಲ್ಗಾ ಇವಿನ್ಸ್ಕಯಾ ಅವರನ್ನು ಬಂಧಿಸಿ ಎಂಟು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ ಅಧಿಕಾರ ಕಳೆದುಕೊಂಡ ಮೇಲೆ ತಮ್ಮ ಆತ್ಮಕಥನದಲ್ಲಿ ಕಾದಂಬರಿಯನ್ನು ತಡೆದದ್ದಕ್ಕೆ ವಿಷಾದ ವ್ಯಕ್ತಪಡಿಸಿದರು. ಅದನ್ನು ತಿರಸ್ಕರಿಸಿದ್ದ ‘ನೋವಿ ಮೀರ್’ ಕೊನೆಗೂ 1988ರಲ್ಲಿ ಪ್ರಕಟಿಸಿತು.

ಈ ಇಡೀ ಪ್ರಕರಣದ ಬೇರು ಒಂದೇ ಒಂದು ವಾದದಲ್ಲಿದೆ: ಈ ಪುಸ್ತಕದಿಂದ ಶತ್ರುವಿಗೆ ಅನುಕೂಲವಾಗುತ್ತದೆ, ಆದ್ದರಿಂದ ಇದು ಬೇಡ. ಇಪ್ಪತ್ತನೆಯ ಶತಮಾನದಲ್ಲಿ ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಹಾನಿ ಮಾಡಿದ ವಾದ ಇನ್ನೊಂದಿಲ್ಲ. ಅದು ಕಮ್ಯುನಿಸ್ಟರ ಸೊತ್ತು ಮಾತ್ರವೇ ಆಗಿರಲಿಲ್ಲ.

ಜಾರ್ಜ್ ಆರ್ವೆಲ್ ‘ಅನಿಮಲ್ ಫಾರ್ಮ್’ ಬರೆದು ಮುಗಿಸಿದ್ದು 1944ರಲ್ಲಿ. ಆಗ ಸೋವಿಯತ್ ಒಕ್ಕೂಟ ಬ್ರಿಟನ್ನಿನ ಮಿತ್ರರಾಷ್ಟ್ರ. ಸರ್ಕಾರಿ ಅಧಿಕಾರಿಯೊಬ್ಬನ ಸಲಹೆ ಕೇಳಿ ಜೊನಾಥನ್ ಕೇಪ್ ಪ್ರಕಾಶನ ಹಿಂದೆ ಸರಿಯಿತು. ಫೇಬರ್ ಪ್ರಕಾಶನದಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಕೂಡ ಕೃತಿಯನ್ನು ನಿರಾಕರಿಸಿದರು. ಪುಸ್ತಕ ಬೆಳಕು ಕಂಡದ್ದು 1945ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಗಾಳಿ ತಿರುಗಿತ್ತು. ನಿನ್ನೆಯ ಮುಜುಗರದ ಪುಸ್ತಕ ನಾಳೆಯ ಅಸ್ತ್ರವಾಯಿತು. 1954ರ ಅನಿಮೇಷನ್ ಚಿತ್ರಕ್ಕೆ ಹಣ ಹಾಕಿದ್ದು ಸಿಐಎ. ಹಾಕಿದ್ದಷ್ಟೇ ಅಲ್ಲ, ಕಥೆಯ ಕೊನೆಯನ್ನೂ ಬದಲಿಸಲಾಯಿತು. ಮೂಲದಲ್ಲಿ ಹಂದಿಗಳೂ ಮನುಷ್ಯ ಜಮೀನ್ದಾರರೂ ಒಂದೇ ಮೇಜಿಗೆ ಕೂತಾಗ ಯಾರು ಹಂದಿ, ಯಾರು ಮನುಷ್ಯ ಎಂದು ಗುರುತಿಸಲಾಗದೆ ಉಳಿದ ಪ್ರಾಣಿಗಳು ಕಂಗೆಡುತ್ತವೆ. ಚಿತ್ರದಲ್ಲಿ ಆ ಮನುಷ್ಯರೇ ಮಾಯ. ಪ್ರಾಣಿಗಳು ಹಂದಿಗಳ ಮೇಲಷ್ಟೇ ದಂಗೆ ಏಳುತ್ತವೆ. ಆರ್ವೆಲ್ ಕೊನೆಯವರೆಗೂ ಸಮಾಜವಾದಿ. ಅವರ ಕಥೆ ಬಂಡವಾಳಶಾಹಿಯನ್ನೂ ಬಿಟ್ಟಿರಲಿಲ್ಲ. ಅವರನ್ನು ಮೆರೆಸಿದವರಿಗೆ ಅವರ ಕೊನೆಯ ಪುಟವನ್ನು ಸಹಿಸಲಾಗಲಿಲ್ಲ.

ಅಮೆರಿಕದ ಹೊವಾರ್ಡ್ ಫಾಸ್ಟ್ ಅವರ ಪಾಡು ಇನ್ನೂ ಸ್ಪಷ್ಟ. ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ ಅವರು ಸಂಸತ್ ಸಮಿತಿಯ ಮುಂದೆ ಇತರರ ಹೆಸರು ಹೇಳಲು ಒಪ್ಪದೆ 1950ರಲ್ಲಿ ಜೈಲಿಗೆ ಹೋದರು. ‘ಸ್ಪಾರ್ಟಕಸ್’ ಕಾದಂಬರಿ ಮುಟ್ಟಲು ದೊಡ್ಡ ಪ್ರಕಾಶಕರು ಹೆದರಿದಾಗ 1951ರಲ್ಲಿ ತಾವೇ ಅಚ್ಚು ಹಾಕಿಸಿದರು. ಮಾಸ್ಕೋ ಅವರಿಗೆ ಸ್ಟಾಲಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. 1956ರಲ್ಲಿ ಸ್ಟಾಲಿನ್ ಕಾಲದ ಅಪರಾಧಗಳನ್ನು ಕ್ರುಶ್ಚೇವ್ ಅವರೇ ಒಪ್ಪಿಕೊಂಡ ಮೇಲೆ ಫಾಸ್ಟ್ ಪಕ್ಷ ತೊರೆದರು. ಕೂಡಲೇ ಅದೇ ಮಾಸ್ಕೋಗೆ ಅವರು ದ್ರೋಹಿಯಾದರು. ಹತ್ತು ವರ್ಷದೊಳಗೆ ಒಬ್ಬನೇ ಲೇಖಕ ಎರಡು ಮಹಾಶಕ್ತಿಗಳಿಂದ ಒಂದೇ ಆರೋಪ ಹೊತ್ತುಕೊಂಡ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಂಭೀರವೂ ಹೌದು: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಸರಿಯಲ್ಲ. ಫಾಸ್ಟ್ ಕೆಲವು ತಿಂಗಳಲ್ಲಿ ಜೈಲಿನಿಂದ ಹೊರಬಂದು ಮತ್ತೆ ಬರೆದರು. ಕವಿ ಓಸಿಪ್ ಮಂಡೆಲ್‌ಸ್ಟಾಮ್ 1938ರಲ್ಲಿ ಸೋವಿಯತ್ ಶಿಬಿರವೊಂದರಲ್ಲಿ ಪ್ರಾಣ ಬಿಟ್ಟರು. ಕಥೆಗಾರ ಐಸಾಕ್ ಬಾಬೆಲ್ ಅವರನ್ನು 1940ರಲ್ಲಿ ಗುಂಡಿಟ್ಟು ಕೊಂದರು. ಈ ಅಂತರವನ್ನು ಮರೆಮಾಚುವ ಎಡಪಂಥೀಯರು ತಮ್ಮದೇ ಆದರ್ಶಕ್ಕೆ ಅನ್ಯಾಯ ಮಾಡುತ್ತಾರೆ.

ಆದರೆ ಲೆಕ್ಕ ವಾಷಿಂಗ್ಟನ್, ಮಾಸ್ಕೋಗಳಿಗೇ ಮುಗಿಯುವುದಿಲ್ಲ. ಇಂಡೊನೇಷ್ಯಾದಲ್ಲಿ 1965-66ರಲ್ಲಿ ಅಮೆರಿಕದ ಬೆಂಬಲವಿದ್ದ ಸೇನೆಯ ನೇತೃತ್ವದಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿ ಕೊಲ್ಲಲಾದವರ ಸಂಖ್ಯೆ ಕನಿಷ್ಠ ಐದು ಲಕ್ಷವೆಂದು ಇತಿಹಾಸಕಾರರ ಅಂದಾಜು. ಆ ದೇಶದ ಅತಿ ದೊಡ್ಡ ಕಾದಂಬರಿಕಾರ ಪ್ರಮುದ್ಯ ಅನಂತ ತೂರ್ ಅವರ ಪುಸ್ತಕ ಭಂಡಾರ ನಾಶವಾಯಿತು. ವಿಚಾರಣೆಯೇ ಇಲ್ಲದೆ ಅವರು ಹದಿನಾಲ್ಕು ವರ್ಷ ಸೆರೆಯಲ್ಲಿದ್ದರು. ಅದರಲ್ಲಿ ಹತ್ತು ವರ್ಷ ಬುರು ದ್ವೀಪದಲ್ಲಿ. ಕಾಗದ, ಲೇಖನಿ ಸಿಗದ ಕಾಲದಲ್ಲಿ ಸಹಕೈದಿಗಳಿಗೆ ಬಾಯಲ್ಲೇ ಕಥೆ ಹೇಳಿ ಕಾದಂಬರಿ ಕಟ್ಟಿದರು. 1980ರಲ್ಲಿ ಅದರ ಮೊದಲ ಭಾಗ ‘ಬುಮಿ ಮನುಸಿಯ’ ಪ್ರಕಟವಾಯಿತು. ಮರುವರ್ಷವೇ ಮಾರ್ಕ್ಸ್‌ವಾದ ಹರಡುತ್ತದೆಂದು ನಿಷೇಧಿಸಿದರು. ಇದೇ ಪ್ರಮುದ್ಯ 1960ರ ದಶಕದ ಮೊದಲಲ್ಲಿ, ತಮ್ಮ ಬಣಕ್ಕೆ ಬಲವಿದ್ದಾಗ, ಎಡಪಂಥಕ್ಕೆ ಸೇರದ ಲೇಖಕರ ಮೇಲೆ ಕಟುವಾಗಿ ಹರಿಹಾಯ್ದಿದ್ದರು. 1995ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇದೇ ನೋವಿನಿಂದ ಇಂಡೊನೇಷ್ಯಾದ ಇನ್ನೊಬ್ಬ ಲೇಖಕ ಮೊಖ್ತಾರ್ ಲುಬಿಸ್ ತಮ್ಮ ಮ್ಯಾಗ್ಸೆಸೆಯನ್ನು ಹಿಂದಿರುಗಿಸಿದರು. ಲುಬಿಸ್ ಅವರ ಕೋಪಕ್ಕೆ ಕಾರಣವಿತ್ತು. ಆದರೂ ಪ್ರಮುದ್ಯರ ಕಾದಂಬರಿಗಳ ಸತ್ವ ಅದರಿಂದ ಒಂದಿಷ್ಟೂ ಕರಗುವುದಿಲ್ಲ.

ಹಣ ಎಲ್ಲಿಂದ ಬಂತೆಂಬುದೇ ಕೃತಿಯ ಯೋಗ್ಯತೆಯನ್ನು ತೀರ್ಮಾನಿಸುವುದಾದರೆ ಕನ್ನಡಿಗರ ಕಪಾಟೂ ಖಾಲಿಯಾಗಬೇಕಾಗುತ್ತದೆ. ಪ್ರಗತಿ, ರಾದುಗ, ಮೀರ್ ಪ್ರಕಾಶನಗಳ ಪುಸ್ತಕಗಳು ಸೋವಿಯತ್ ಸರ್ಕಾರದ ಹಣದಿಂದ ಅಗ್ಗವಾಗಿ ಭಾರತಕ್ಕೆ ಬಂದವು. ಬೆಂಗಳೂರಿನ ನವಕರ್ನಾಟಕ ಅವನ್ನು ಕನ್ನಡ ಓದುಗರಿಗೆ ತಲುಪಿಸಿತು. ಒಂದು ರಾಷ್ಟ್ರದ ಪ್ರಚಾರದ ಉದ್ದೇಶ ಅದರ ಹಿಂದೆ ನಿಶ್ಚಯವಾಗಿಯೂ ಇತ್ತು. ಹಾಗೆಂದು ಟಾಲ್‌ಸ್ಟಾಯ್, ಚೆಕಾಫ್ ಪ್ರಚಾರ ಸಾಹಿತ್ಯವಾಗುತ್ತಾರೆಯೇ? ಆ ಪುಸ್ತಕಗಳಿಂದ ಬಡ ಮನೆಗಳ ಮಕ್ಕಳಿಗೆ ಓದಿನ ರುಚಿ ಹತ್ತಿದ್ದು ಸುಳ್ಳಾಗುತ್ತದೆಯೇ?

ನಿರಂಜನರು ಕನ್ನಡಕ್ಕೆ ತಂದ ಗೋರ್ಕಿಯ ‘ತಾಯಿ’ಯನ್ನೇ ನೋಡಬಹುದು. ಕಾರ್ಮಿಕ ಚಳವಳಿಯ ಈ ಮಹಾಕಾದಂಬರಿಯನ್ನು ಗೋರ್ಕಿ ಬಹುಪಾಲು ಬರೆದದ್ದು 1906ರಲ್ಲಿ, ಅಮೆರಿಕದಲ್ಲಿ. ಅದು ಮೊದಲು ಅಚ್ಚಾದದ್ದು ನ್ಯೂಯಾರ್ಕಿನ ‘ಆಪಲ್ಟನ್ಸ್’ ಪತ್ರಿಕೆಯಲ್ಲಿ, ಇಂಗ್ಲಿಷ್ ಅನುವಾದವಾಗಿ. ಪೂರ್ಣ ರಷ್ಯನ್ ಪಾಠವನ್ನು ಬರ್ಲಿನ್ನಿನಲ್ಲಿ ಹೊರತರಬೇಕಾಯಿತು. ರಷ್ಯಾದಲ್ಲಿ ಝಾರ್ ಸರ್ಕಾರದ ಕತ್ತರಿ ಅದನ್ನು ಬಿಡುತ್ತಿರಲಿಲ್ಲ. ತಾಯ್ನೆಲದಲ್ಲಿ ತಡೆ, ಪರದೇಶದಲ್ಲಿ ಪರಭಾಷೆಯಲ್ಲಿ ಮೊದಲ ಮುದ್ರಣ: ಅರ್ಧ ಶತಮಾನದ ನಂತರ ‘ಡಾಕ್ಟರ್ ಜಿವಾಗೊ’ ನಡೆದದ್ದೂ ಇದೇ ದಾರಿಯಲ್ಲಿ. ‘ತಾಯಿ’ಗೆ ಅಮೆರಿಕದ ಅಚ್ಚುಮನೆ ಕಳಂಕವಲ್ಲ ಎನ್ನುವವರು ‘ಜಿವಾಗೊ’ಗೆ ನೀಲಿ ರಟ್ಟು ಕಳಂಕ ಎಂದು ಹೇಳುವುದು ಸಲ್ಲದು. ಜಿವಾಗೊನನ್ನು ಕಮ್ಯುನಿಸಂ ವಿರೋಧದ ಸಾಕ್ಷಿಯೆಂದು ಕೊಂಡಾಡುವವರಿಗೆ ಬುರು ದ್ವೀಪದ ಬಗ್ಗೆ ಮೌನವಾಗಿರುವ ಹಕ್ಕೂ ಇಲ್ಲ.

ಕರ್ನಾಟಕದ ವಿಶ್ವವಿದ್ಯಾಲಯಗಳ ಸಾಹಿತ್ಯ ವಿಭಾಗಗಳು ಈ ಕೃತಿಗಳನ್ನು ಬಣಗಳಾಗಿ ವಿಂಗಡಿಸದೆ ಅಕ್ಕಪಕ್ಕದಲ್ಲಿಟ್ಟು ಕಲಿಸಬೇಕು. ‘ತಾಯಿ’ಯ ಜೊತೆಗೆ ‘ಜಿವಾಗೊ’, ‘ಅನಿಮಲ್ ಫಾರ್ಮ್’ ಜೊತೆಗೆ ‘ಬುಮಿ ಮನುಸಿಯ’ ತರಗತಿಗೆ ಬರಲಿ. ಯಾರು ಹಣ ಕೊಟ್ಟರು, ಯಾರು ತಡೆದರು, ಯಾರು ಸೆರೆಮನೆಗೆ ಹೋದರು ಎಂಬ ಇತಿಹಾಸವನ್ನು ಒಂದು ಎಳೆಯನ್ನೂ ಬಚ್ಚಿಡದೆ ಪಾಠದ ಭಾಗ ಮಾಡಲಿ. 2014ರ ಕಡತಗಳನ್ನೂ 1956ರ ತಿರಸ್ಕಾರ ಪತ್ರವನ್ನೂ ವಿದ್ಯಾರ್ಥಿಗಳು ಓದಲಿ, ಆದರೆ ಕಾದಂಬರಿಯನ್ನು ಓದಿ ಮುಗಿಸಿದ ಮೇಲೆ.