ಪ್ರಯೋಗಶಾಲೆಯ ಕಿಟಕಿಯಿಂದ: ಕೈಕೊಡುವ ಗಾಡಿ, ಕೈಬಿಡದ ನಾವು

ಸಂಘದ ಯುಗಾದಿ ಊಟದ ದಿನ ಪ್ಲೇನೋದ ಶಾಲೆಯೊಂದರ ಅಂಗಳದಲ್ಲಿ ನಿಂತಿದ್ದ ಗಾಡಿಗಳನ್ನು ಎಣಿಸಿದೆವು. ಮೂರು ಸಾಲಿನಲ್ಲಿ ಎರಡೂವರೆ ಸಾಲು ಜಪಾನಿನವು. ಉಳಿದವುಗಳ ಪೈಕಿ ಬಾನೆಟ್ಟು ತೆರೆದುಕೊಂಡು ನಿಂತದ್ದು ಒಂದೇ ಒಂದು. ಅದು ನಮ್ಮದು. ಒಬ್ಬಟ್ಟು ಮುಗಿಸಿ ಹೊರಬಂದ ಹಿರಿಯ ಸದಸ್ಯರೊಬ್ಬರು, "ಏನು ಡಾಕ್ಟ್ರೇ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿಯೂ ಇಂಥ ಗಾಡಿ ಇಟ್ಟುಕೊಂಡಿದೀರಲ್ಲ, ಏನು ಕಾರಣ?" ಎಂದು ಕೇಳಿದರು. ಅಲ್ಲಿ ಉತ್ತರ ಹೇಳಲಾಗಲಿಲ್ಲ. ಎರಡು ಕೈಯೂ ಗ್ರೀಸಾಗಿತ್ತು. ಈ ಸಲದ ಅಂಕಣ ಆ ಉತ್ತರಕ್ಕೆ ಮೀಸಲು.

"ನಾವು" ಎಂದು ಬರೆಯುವುದು ಈ ಅಂಕಣದ ರೂಢಿಯಷ್ಟೆ. ಗಾಡಿಯ ಮಟ್ಟಿಗೆ ಅದು ನಿಜವೂ ಹೌದು: ಓಡಿಸುವವರು ಒಬ್ಬರೇ ಆದರೂ ತಳ್ಳುವುದಕ್ಕೆ ಬಹುವಚನವೇ ಬೇಕು. ಗಾಡಿ ಯುರೋಪಿನದು, 1997ರ ಮಾದರಿ. ಆಸ್ಟಿನ್ನಿನಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬರಿಂದ ಕೊಂಡದ್ದು. ಹೆಸರು ಮಾತ್ರ ಹೇಳುವುದಿಲ್ಲ. ಹಿಂದಿನ ಕಾಲದ ಗೃಹಿಣಿಯರು ಯಜಮಾನರ ತಾಪತ್ರಯವನ್ನೆಲ್ಲ ಹೇಳಿಕೊಳ್ಳುತ್ತಿದ್ದರು, ಹೆಸರೊಂದನ್ನು ಬಿಟ್ಟು. ನಮ್ಮದೂ ಹಾಗೆಯೇ.

ಈ ಹುಚ್ಚು ನಮಗೊಬ್ಬರಿಗೇ ಹತ್ತಿದ್ದಲ್ಲ. ಹಳೆಯ ಇಂಗ್ಲಿಷ್ ಗಾಡಿ ಸಾಕಿದವರು, ಅವಕ್ಕೆ ದೀಪ ಡೈನಮೋಗಳನ್ನು ಒದಗಿಸುತ್ತಿದ್ದ ಲೂಕಾಸ್ ಕಂಪನಿಗೆ "ಕತ್ತಲೆಯ ರಾಜಕುಮಾರ" ಎಂದು ಬಿರುದು ಕೊಟ್ಟಿದ್ದರು. ಫಿಯಟ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ಅಮೆರಿಕನ್ನರು "ಫಿಕ್ಸ್ ಇಟ್ ಅಗೇನ್ ಟೋನಿ" ಎಂದರು. "ಮತ್ತೆ ರಿಪೇರಿ ಮಾಡಪ್ಪಾ ಟೋನಿ" ಎಂದರ್ಥ. ಆ ಫಿಯಟ್ 1980ರ ದಶಕದ ಮೊದಲಲ್ಲಿ ಈ ದೇಶದಲ್ಲಿ ಅಂಗಡಿ ಮುಚ್ಚಿ, 2011ರಲ್ಲಿ ಮತ್ತೆ ತೆರೆಯಿತು. ಪ್ಯೂಜೋ 1991ರಲ್ಲಿ, ಆಲ್ಫಾ ರೋಮಿಯೋ 1995ರಲ್ಲಿ ಗಂಟುಮೂಟೆ ಕಟ್ಟಿದವು. ಸ್ವೀಡನ್ನಿನ ಸಾಬ್ 2011ರಲ್ಲಿ ದಿವಾಳಿಯಾಯಿತು. ಕಂಪನಿ ಹೋದರೂ ಗಾಡಿ ಉಳಿಯುತ್ತದೆ. ಬಿಡಿಭಾಗಕ್ಕಾಗಿ ಅಲೆಯುವ ಒಡೆಯನೂ ಉಳಿಯುತ್ತಾನೆ.

ನಮ್ಮೂರುಗಳಲ್ಲಿ ಬೆಳೆದವರಿಗೆ ಈ ಅಲೆದಾಟ ಹೊಸದಲ್ಲ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್. ಅದರ ಬಾನೆಟ್ಟು ಎರಡು ಪಕ್ಕದ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮುಂದಿನ ಟೈರಿನ ಮೇಲೆ ಕುಳಿತೇ ರಿಪೇರಿ ಮಾಡಬಹುದಿತ್ತು. ರಿಪೇರಿ ಬಂದೇ ಬರುತ್ತದೆಂದು ತಿಳಿದು ಮಾಡಿದ ಏರ್ಪಾಡೇನೋ! ಬೊಂಬಾಯಿಯ ಕುರ್ಲಾದಿಂದ ಬಂದ ಫಿಯಟ್ 1100, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಪಡೆಯಿತು. ಮಾರಿಸ್ ಆಕ್ಸ್‌ಫರ್ಡ್‌ನ ತಮ್ಮನಾದ ಅಂಬಾಸಡರ್ 2014ರ ತನಕ ತಯಾರಾಗುತ್ತಲೇ ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಇಂಥವುಗಳಿಗೆ ಎಷ್ಟು ಸಲ ಮರುಜನ್ಮ ಕೊಟ್ಟವೋ. ವರ್ಷಗಟ್ಟಲೆ ಸರದಿಯಲ್ಲಿ ಕಾದು ಪಡೆದ ಗಾಡಿಯನ್ನು ದೂರುವುದಾದರೂ ಹೇಗೆ?

ಮೈಸೂರಿನಲ್ಲಿ ನಮ್ಮ ತಂದೆಯವರ ಬಳಿಯೂ ಹಳೆಯದೊಂದಿತ್ತು. (ಅದರ ಹೆಸರೂ ಬೇಡ.) ಚಾಮುಂಡಿ ಬೆಟ್ಟವಿರಲಿ, ನಂಜನಗೂಡಿನ ದಾರಿಯಿರಲಿ, ಎಲ್ಲೋ ಒಂದು ಕಡೆ ಹಬೆ ಬಿಟ್ಟು ನಿಲ್ಲುತ್ತಿತ್ತು. ತಂದೆಯವರು ಬಾನೆಟ್ಟಿನೊಳಗೆ ತಲೆಯಿಟ್ಟು ಹಾಡು ಗುನುಗುವರು. ಮಕ್ಕಳು ಹುಣಸೇಕಾಯಿ ಆರಿಸುವರು. ನಮ್ಮ ನೆನಪಿನಲ್ಲಿ ಅವೆಲ್ಲ ವನಭೋಜನಗಳೇ. ತಂದೆಯವರು ಹೋದ ಮೇಲೆ ಆ ಗಾಡಿ ಗುಜರಿಗೆ ಹೋಯಿತು. ಆಸ್ಟಿನ್ನಿನಲ್ಲಿ ನಾವು ಈ ಗಾಡಿ ಕೊಂಡದ್ದು ಅದರ ಮರುವರ್ಷ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಹೇಳುವುದು ಕಷ್ಟ.

2024ರ ಆಗಸ್ಟಿನಲ್ಲಿ ತಾಯಿಯವರು ಬಂದಿದ್ದರು. ಹ್ಯೂಸ್ಟನ್ನಿನ ಬಳಿ ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೊರಟೆವು. ಜೊತೆಗೆ ಶ್ರೀಮತಿ, ಐದು ವರ್ಷದ ಮಗಳು. ತಾಯಿಯವರು ಕಾಲ ಬಳಿ ಎರಡು ಕ್ಯಾನ್ ನೀರು ಇಟ್ಟುಕೊಂಡರು. "ಅಮ್ಮ, ಇದು ಅಮೆರಿಕ, ದಾರಿಯುದ್ದಕ್ಕೂ ಅಂಗಡಿ ಇದೆ" ಎಂದು ನಕ್ಕೆವು. "ಇರಲಿ ಬಿಡೋ, ಅದೇನು ಅನ್ನ ಕೇಳುತ್ತಾ?" ಎಂದರು.

ಡಲ್ಲಾಸ್ ದಾಟಿ, 45ನೇ ಹೆದ್ದಾರಿಯಲ್ಲಿ ಎನ್ನಿಸ್ ಊರು ಕಳೆದ ಮೇಲೆ ಶಾಖದ ಮುಳ್ಳು ಕೆಂಪಿಗೆ ಏರಿತು. ಪಕ್ಕಕ್ಕೆ ನಿಲ್ಲಿಸಿದೆವು. ಹೊರಗೆ ನೂರು ಡಿಗ್ರಿ ದಾಟಿದ ಬಿಸಿಲು, ಬಾನೆಟ್ಟಿನಿಂದ ಹಬೆ. ಕರ್ಚೀಫು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದೆವು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಸಮ ಬೆರೆಸಿದ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆ. ಚದರ ಅಂಗುಲಕ್ಕೆ 15 ಪೌಂಡು ಒತ್ತಡ ಹಿಡಿದಿಡುವ ಮುಚ್ಚಳದ ಕೆಳಗೆ ಸುಮಾರು 129 ಡಿಗ್ರಿಯ ತನಕ ತಡೆಯುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಈ ನಂಟನ್ನು ನಾವು ಆಸ್ಟಿನ್ನಿನಲ್ಲಿ ಹುಡುಗರಿಗೆ ಕಲಿಸಿದ್ದೆವು. ಗಾಬರಿಯಲ್ಲಿ ಕೈಗೆ ಅದು ನೆನಪಿರಲಿಲ್ಲ.

"ಮುಟ್ಟಬೇಡ್ವೋ!" ಎಂದು ತಾಯಿಯವರು ಕೂಗಿದರು. "ನಿಮ್ಮಪ್ಪ ಹೀಗೇ ಕೈ ಸುಟ್ಕೊಂಡಿದ್ದು. ಅದು ತಾನಾಗಿ ಆರಲಿ, ಸುಮ್ನಿರು."

ಆ ಸುಟ್ಟ ಕೈ ದೀಪಾವಳಿಯ ಪಟಾಕಿಯಿಂದ ಆದದ್ದೆಂದು ನಮಗೆ ಹೇಳಿದ್ದರು.

ಸಂಘದ ಮಿತ್ರರೊಬ್ಬರಿಗೆ ಫೋನು ಮಾಡಿ, ರಸ್ತೆಯಿಂದ ದೂರ ಹುಲ್ಲಿನ ಮೇಲೆ ಕುಳಿತೆವು. ಮಗಳ ಮುಖ ಕೆಂಪಾಗಿ, ಅವಳು ಮಾತು ನಿಲ್ಲಿಸಿದ್ದಳು. ತಾಯಿಯವರು ಒಂದು ಕ್ಯಾನಿನ ನೀರಿನಲ್ಲಿ ಸೆರಗು ಒದ್ದೆ ಮಾಡಿ ಅವಳ ತಲೆ ಕತ್ತು ಒರೆಸುತ್ತಾ, ಗುಟುಕು ಗುಟುಕಾಗಿ ಕುಡಿಸುತ್ತಾ ಹೇಳಿದರು: "ಗಾಡಿ ಅಂದ್ರೆ ನಿಮ್ಮಪ್ಪನಿಗೆ ಪ್ರೀತಿ. ನಿಮಗೆಲ್ಲ ಆಟ. ನನಗೆ ಮಾತ್ರ ಭಯ. ಕತ್ತಲಾದರೆ ಏನು ಗತಿ, ಮಕ್ಕಳಿಗೆ ಹಸಿವಾದರೆ ಏನು ಗತಿ ಅಂತ. ಅದಕ್ಕೇ ನೀರು."

ನಮ್ಮ ವನಭೋಜನಗಳಿಗೆ ಹೀಗೊಂದು ಮಗ್ಗುಲಿತ್ತೆಂದು ಅಷ್ಟು ವರ್ಷ ತಿಳಿದಿರಲಿಲ್ಲ.

ಸದಾ ನಮ್ಮನ್ನು ಹಾಸ್ಯಮಾಡುವ ಆ ಮಿತ್ರರು ಅರವತ್ತು ಮೈಲಿ ಬಂದರು, ಒಂದೂ ಹಾಸ್ಯ ಮಾಡಲಿಲ್ಲ. ತಮ್ಮ ಜಪಾನೀ ಗಾಡಿಯಲ್ಲಿ ಮೂವರನ್ನೂ ಕೂರಿಸಿಕೊಂಡು ಹೋದರು. ನಾವು ಸೀಳಿದ ಹೋಸ್ ಪೈಪಿಗೆ ಟೇಪು ಸುತ್ತಿ, ಆರಿದ ರೇಡಿಯೇಟರಿಗೆ ಎರಡನೆಯ ಕ್ಯಾನ್ ಸುರಿದು, ಎಂಜಿನ್ನಿನ ಶಾಖ ಹೊರಗೆ ಹೋಗಲೆಂದು ಆ ಆಗಸ್ಟಿನಲ್ಲಿ ಹೀಟರ್ ಪೂರ್ತಿ ಹಾಕಿಕೊಂಡು ಎನ್ನಿಸಿಗೆ ಮರಳಿದೆವು. ಪ್ರಾಯಶ್ಚಿತ್ತ ಎಂದರೆ ಅದು.

ಆಮೇಲೆ ಆ ಹೋಸನ್ನು ಉದ್ದಕ್ಕೆ ಕೊಯ್ದು ನೋಡಿದೆವು. ಹೊರಮೈ ಹೊಸದರಂತಿತ್ತು, ಒಳಗೆ ಉದ್ದುದ್ದ ಬಿರುಕು. ಎಂಜಿನ್ನಿನ ಲೋಹ, ಕೂಲಂಟ್, ರಬ್ಬರಿನಲ್ಲಿರುವ ಇಂಗಾಲ ಮೂರೂ ಸೇರಿ ಸಣ್ಣದೊಂದು ಬ್ಯಾಟರಿಯಂತಾಗಿ ಹೋಸನ್ನು ಒಳಗಿನಿಂದ ತಿನ್ನುತ್ತವೆ. ನೋಡಿದರೆ ತಿಳಿಯುವುದಿಲ್ಲ. ಎಂಜಿನ್ ತಣ್ಣಗಿರುವಾಗ ಹೋಸಿನ ತುದಿಗಳನ್ನೂ ನಡುವನ್ನೂ ಬೆರಳಿನಿಂದ ಒತ್ತಬೇಕು. ತುದಿ ಹೆಚ್ಚು ಮೆತ್ತಗಿದ್ದರೆ ಬದಲಿಸಬೇಕು. ಜಪಾನೀ ಗಾಡಿಯವರೂ ಇದನ್ನು ಓದಬಹುದು, ರಬ್ಬರಿಗೆ ದೇಶಭೇದವಿಲ್ಲ.

ಇನ್ನೊಂದು ಮಾತು. ಟೆಕ್ಸಾಸಿನಲ್ಲಿ 2025ರ ಜನವರಿ 1ರಿಂದ ಸ್ವಂತ ಗಾಡಿಗಳಿಗೆ ವರ್ಷಕ್ಕೊಮ್ಮೆ ಇದ್ದ ಸುರಕ್ಷತೆಯ ತಪಾಸಣೆ ರದ್ದಾಗಿದೆ. ನಮ್ಮ ಕೌಂಟಿಯಲ್ಲಿ ಹೊಗೆಯ ಪರೀಕ್ಷೆ ಉಳಿದಿದೆ, ಆದರೆ 24 ವರ್ಷ ದಾಟಿದ ಗಾಡಿಗೆ ಅದೂ ಇಲ್ಲ. ಅಂದರೆ ನಮ್ಮ ಗಾಡಿಯನ್ನು ಕೇಳುವವರು ಯಾರೂ ಇಲ್ಲ. ನಾವೇ ಕೇಳಿಕೊಳ್ಳಬೇಕು.

ಕೇಳಿಕೊಂಡೆವು. ಗಾಡಿ ಮಾರಲಿಲ್ಲ. ಅದು ಈಗ ನಮ್ಮೊಬ್ಬರನ್ನೇ ಕೂರಿಸಿಕೊಂಡು ಊರೊಳಗೆ ಓಡುತ್ತದೆ. ಅದನ್ನು ಪ್ರೀತಿಸುವವರು ನಾವು, ಕೆಟ್ಟಾಗ ಬಿಸಿಲಲ್ಲಿ ನಿಲ್ಲುವವರೂ ನಾವೇ ಆಗಿರಲಿ ಎಂದು ತೀರ್ಮಾನ. ದೂರದ ಪ್ರಯಾಣಕ್ಕೆ ಮನೆಗೆ ಜಪಾನಿನದೊಂದು ಬಂದಿದೆ. ಅದರಲ್ಲಿ ಹೇಳಿಕೊಳ್ಳುವಂಥ ಕಥೆ ಏನೂ ಇಲ್ಲ. ತಾಯಿಯವರು ಮೈಸೂರಿನಿಂದ ಫೋನು ಮಾಡಿದಾಗ ಎರಡು ಗಾಡಿಗಳ ಕ್ಷೇಮವನ್ನೂ ವಿಚಾರಿಸುತ್ತಾರೆ. ನೀರಿನ ಕ್ಯಾನು ಎರಡರಲ್ಲೂ ಇದೆ.

ಇಂಥ ಗಾಡಿ ಸಾಕಿದ ಸದಸ್ಯರು ತಮ್ಮ ಅನುಭವ ಬರೆದು ಕಳುಹಿಸಬೇಕಾಗಿ ಕೋರಿಕೆ. ಪಕ್ಕದ ಸೀಟಿನಲ್ಲಿ ಕುಳಿತವರು ಬರೆದರೆ ಮೊದಲು ಅಚ್ಚು ಹಾಕುತ್ತೇವೆ.