ತೊಗರಿಯ ಬೇರಿನೊಳಗಿನ ಕಾವಲು

ಮಲೆನಾಡಿನ ಮನೆಗಳಲ್ಲಿ ಸಾರಿಗೆ ಬೇಯುವ ತೊಗರಿಬೇಳೆ ಘಟ್ಟದ ಬೆಳೆಯಲ್ಲ, ಬಯಲುಸೀಮೆಯದು. ಮಟಮಾರಿ, ದೇವದುರ್ಗ, ಮಾನ್ವಿಗಳನ್ನೊಳಗೊಂಡ ರಾಯಚೂರು ಸೀಮೆಯಲ್ಲಿ ಮಳೆಯನ್ನೇ ನಂಬಿ ತೊಗರಿ ಬಿತ್ತುವ ರೈತನನ್ನು ಕಾಡುವ ದೊಡ್ಡ ಭಯ ನೆಟೆರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರಬಲ್ಲ ಫ್ಯುಸೇರಿಯಂ ಶಿಲೀಂಧ್ರವು ಬೇರಿನ ಮೂಲಕ ನುಗ್ಗಿ ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂವು ಕಾಯಿಗಳ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ.

ಆದರೆ ತೊಗರಿ ನಿರಾಯುಧವಲ್ಲ. ದ್ವಿದಳ ಸಸ್ಯಗಳಲ್ಲಿ ಐಸೊಫ್ಲೇವೋನ್ ಸಿಂಥೇಸ್ ಎಂಬ ಕಿಣ್ವವಿದೆ. ಬಹುತೇಕ ಸಸ್ಯಗಳಲ್ಲಿರುವ ಫ್ಲೇವನೋನ್ ಅಣುವಿನ ಒಂದು ಉಂಗುರವನ್ನು ಎರಡನೆಯ ಇಂಗಾಲದಿಂದ ಮೂರನೆಯದಕ್ಕೆ ಸರಿಸುವುದು ಅದರ ಕೆಲಸ. ಇಷ್ಟು ಸಣ್ಣ ಪಲ್ಲಟದಿಂದ ಐಸೊಫ್ಲೇವೊನಾಯ್ಡ್‌ಗಳೆಂಬ ರಕ್ಷಕ ವಸ್ತುಗಳ ಹಾದಿ ತೆರೆಯುತ್ತದೆ. ತೊಗರಿಯ ಕಜನಾಲ್ ಅಂಥದೊಂದು ಶಿಲೀಂಧ್ರನಿರೋಧಕ. ರೋಗ ತಾಳುವ ತಳಿಯು ಸೋಂಕು ತಗುಲಿದೊಡನೆ ಅದನ್ನು ಬೇಗ ಕೂಡಿಹಾಕುತ್ತದೆಂದು 1993ರ ಅಧ್ಯಯನವೊಂದು ತೋರಿಸಿತು. ಇದೇ ಹಾದಿಯ ವಸ್ತುಗಳಿಂದ ಸೋಯಾ ಗಿಡವು ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಗಳನ್ನು ಬೇರಿಗೆ ಕರೆಯುತ್ತದೆ.

2000ದಲ್ಲಿ ಸೋಯಾದ ಈ ಕಿಣ್ವದ ಜೀನನ್ನು ಸಾಸಿವೆ ಕುಟುಂಬದ ಗಿಡವೊಂದಕ್ಕೆ ಸೇರಿಸಿದಾಗ ಆ ಗಿಡವೂ ಐಸೊಫ್ಲೇವೋನ್ ತಯಾರಿಸಿತು. ವಿಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಸಾಧನೆಯೇ. ಆದರೆ ಒಂದೇ ಜೀನಿನಿಂದ ರೋಗ ನೀಗೀತೆಂಬ ಆಸೆಗೆ ಅದು ಆಧಾರವಾಗದು. ತೊಗರಿಯಲ್ಲಿ ಕಿಣ್ವ ಮೊದಲೇ ಇದೆ. ಪ್ರಶ್ನೆಯಿರುವುದು ಅದು ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಎಂಬುದರಲ್ಲಿ. ಆ ಎಚ್ಚರ ತಳಿಯಿಂದ ತಳಿಗೆ ಬೇರೆ.

1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ 'ಮಾರುತಿ' ತೊಗರಿ ಇದಕ್ಕೆ ಸಾಕ್ಷಿ. ಹೊರಗಿನ ಜೀನ್ ಸೇರಿಸದೆ, ಇದ್ದ ತಳಿಸಂಪತ್ತಿನಿಂದಲೇ ಇಕ್ರಿಸ್ಯಾಟ್ ಅದನ್ನು ಆಯ್ದುಕೊಟ್ಟಿತು. ಅದು ನೆಟೆರೋಗವನ್ನು ತಡೆಯಿತು. ಆದರೆ ನುಸಿ ಹರಡುವ ಗೊಡ್ಡುರೋಗಕ್ಕೆ ಅದೇ ತಳಿ ಸುಲಭವಾಗಿ ತುತ್ತಾಗುತ್ತದೆ. ಎಲ್ಲ ರೋಗಗಳನ್ನೂ ತಡೆಯುವ ಒಂದೇ ಬೀಜವೆಂಬುದಿಲ್ಲ ಎನ್ನುವ ಪಾಠವಿದು.

ಹಿರಿಯರ ಅಕ್ಕಡಿ ಬೇಸಾಯಕ್ಕೆ ಈ ಪಾಠ ಹೊಸದಲ್ಲ. ಜೋಳದೊಡನೆ ಬೆಳೆದ ತೊಗರಿಯಲ್ಲಿ ನೆಟೆರೋಗ ಕಡಿಮೆಯೆಂದು ಇಕ್ರಿಸ್ಯಾಟ್‌ನ ಪ್ರಯೋಗಗಳೂ ಕಂಡಿವೆ. ಆದುದರಿಂದ ಸರ್ಕಾರದ ಹಣ ಮೊದಲು ಸಲ್ಲಬೇಕಾದುದು ನಾಟಿ ತಳಿಗಳ ಸಂಗ್ರಹಕ್ಕೆ, ಊರಿನ ಬೀಜದ ಗುಡಾಣಕ್ಕೆ, ಜೋಳ–ತೊಗರಿಯ ಸಾಲುಗಳನ್ನು ಉಳಿಸುವ ಬೆಂಬಲ ಬೆಲೆಗೆ. ಬೇರಿನೊಳಗಿನ ಕಾವಲು ಉಳಿಯುವುದು ಹೊಲದ ವೈವಿಧ್ಯ ಉಳಿದರೆ ಮಾತ್ರ.